ನೂತನ್ ಏನೂ ಮಾಡೋದೇ ಇಲ್ಲವಲ್ಲ, ಮತ್ತೆ ಹೇಗೆ ದೊಡ್ಡ ನಟಿ?

ಪ್ರಶ್ನೆ: ನಮ್ಮ ಅಮ್ಮನಿಗೆ ನೂತನ್ ಅಂದರೆ ಪ್ರಾಣ. ಈಗಿನ ಯಾವ ನಾಯಕಿಯನ್ನು ಹೊಗಳಿದರೂ "ನೂತನ್ ನೋಡಿದ್ದೀಯಾ?" ಅಂತಲೇ ಶುರು ಮಾಡುತ್ತಾರೆ. ಅವರ ಒತ್ತಾಯಕ್ಕೆ 'ಬಂದಿನಿ' ನೋಡಿದೆ. ಬಸ್ಸಿನಲ್ಲಿ, ಮೊಬೈಲಿನಲ್ಲಿ, ಮೂರು ದಿನ ಸೇರಿಸಿ. ನಿಜ ಹೇಳಲಾ? ನನಗೆ ಬೇಜಾರಾಯಿತು. ಆಕೆ ಸುಮ್ಮನೆ ನಿಂತಿರುತ್ತಾರೆ, ನೋಡುತ್ತಾರೆ, ಅಷ್ಟೇ. ಇದಕ್ಕೆ ಐದು ಫಿಲ್ಮ್‌ಫೇರ್ ಹೇಗೆ ಬಂತು? ಅವರ ಬದುಕಿನ ಬಗ್ಗೆಯೂ ಸ್ವಲ್ಪ ಬರೆಯಿರಿ. ತಾಯಿಯ ಜೊತೆ ಕೋರ್ಟಿಗೆ ಹೋಗಿದ್ದು ನಿಜವೇ? ಇನ್ನೊಂದು ಸಲ ಪ್ರಯತ್ನ ಮಾಡುವುದಾದರೆ ಯಾವ ಸಿನಿಮಾದಿಂದ ಶುರು ಮಾಡಲಿ?

ಉತ್ತರ: ಮೊದಲು ಬಸ್ಸಿನ ವಿಷಯ ಮುಗಿಸಿಬಿಡೋಣ. 'ಬಂದಿನಿ'ಯನ್ನು ಅಂಗೈಯಗಲದ ಪರದೆಯಲ್ಲಿ, ಕಂಡಕ್ಟರ್ ಸೀಟಿಯ ಮಧ್ಯೆ, ಮೂರು ಕಂತಿನಲ್ಲಿ ನೋಡಿದ್ದರೆ ನನಗೂ ಬೇಜಾರಾಗುತ್ತಿತ್ತು. ಆದರೆ ನಿಮ್ಮ ದೂರು ಪೂರ್ತಿ ಸುಳ್ಳೇನಲ್ಲ. "ಸುಮ್ಮನೆ ನಿಂತಿರುತ್ತಾರೆ, ನೋಡುತ್ತಾರೆ" ಅಂದಿರಲ್ಲ, ಆಕೆಯ ಕಸುಬೇ ಅದು. ಚೆನ್ನಾಗಿ ಮಾತು ಒಪ್ಪಿಸುವ ನಟಿಯರು ಹಿಂದಿ ಸಿನಿಮಾದಲ್ಲಿ ಬೇಕಾದಷ್ಟು ಜನ ಇದ್ದರು. ಎದುರಿನವರು ಮಾತಾಡುವಾಗ ಕೇಳಿಸಿಕೊಳ್ಳುವವರು ಕಡಿಮೆ. ಕೇಳಿಸಿಕೊಳ್ಳುವುದರಲ್ಲಿ ನೂತನ್ ಅವರನ್ನು ಮೀರಿಸಿದವರನ್ನು ನಾನಂತೂ ನೋಡಿಲ್ಲ.

ನೀವು ನೋಡಿಯೂ ನೋಡದೇ ಹೋದ ಒಂದು ದೃಶ್ಯ ಹೇಳುತ್ತೇನೆ. ನೂತನ್ ಮಾಡಿದ ಪಾತ್ರ ಕಲ್ಯಾಣಿ ಆಸ್ಪತ್ರೆಯಲ್ಲಿ ಆಳಾಗಿ ದುಡಿಯುತ್ತಿರುತ್ತಾಳೆ. ಹಿಸ್ಟೀರಿಯಾ ಇರುವ ಒಬ್ಬ ರೋಗಿಯ ಕಾಟ ತಡೆದುಕೊಳ್ಳುತ್ತಿರುತ್ತಾಳೆ. ಅಷ್ಟರಲ್ಲಿ ಅವಳನ್ನು ಹುಡುಕಿಕೊಂಡು ಬಂದ ಅಪ್ಪ ರಸ್ತೆ ಅಪಘಾತದಲ್ಲಿ ಸಾಯುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ತನ್ನನ್ನು ನಂಬಿಸಿ ಬಿಟ್ಟುಹೋದ ಬಿಕಾಶನ ಹೆಂಡತಿಯೇ ಈ ರೋಗಿ. ಮುಂದಿನದು ರಾತ್ರಿ. ಹೊರಗೆ ಎಲ್ಲೋ ಕಬ್ಬಿಣದ ಮೇಲೆ ಸುತ್ತಿಗೆ ಬೀಳುತ್ತಿರುತ್ತದೆ. ವೆಲ್ಡಿಂಗ್ ಬೆಳಕು ಅವಳ ಮುಖದ ಮೇಲೆ ಹೊತ್ತಿ ಆರುತ್ತದೆ, ಹೊತ್ತಿ ಆರುತ್ತದೆ. ಪಕ್ಕದಲ್ಲಿ ಪಂಪ್ ಸ್ಟೌವ್. ವಿಷದ ಬಾಟಲಿ. ಮಾತೇ ಇಲ್ಲ. ಆ ಮುಖದಲ್ಲಿ ಒಂದು ಕೊಲೆ ಹುಟ್ಟುವುದನ್ನು ನಾವು ಕೂತು ನೋಡುತ್ತೇವೆ.

ಹೆಡ್‌ಫೋನ್ ಇಲ್ಲದೆ ನೋಡಿದ್ದರೆ ಆ ಸುತ್ತಿಗೆ ಸದ್ದು ಬಸ್ಸಿನ ಗಲಾಟೆಯಲ್ಲಿ ಹೋಗಿರುತ್ತದೆ. ಸದ್ದು ಹೋದರೆ ಅರ್ಧ ದೃಶ್ಯ ಹೋದ ಹಾಗೆ. ನಿರ್ದೇಶಕ ಬಿಮಲ್ ರಾಯ್, ಕ್ಯಾಮೆರಾ ಹಿಡಿದ ಕಮಲ್ ಬೋಸ್ ಇಬ್ಬರೂ ಸದ್ದು, ಬೆಳಕು ಜೋಡಿಸಿಟ್ಟು, ಉಳಿದಿದ್ದನ್ನು ಆಕೆಯ ಮುಖಕ್ಕೆ ಬಿಟ್ಟುಬಿಟ್ಟರು. ಬೇರೆ ನಟಿಯಾಗಿದ್ದರೆ ಅಲ್ಲಿ ಒಂದು ಪುಟ ಸಂಭಾಷಣೆ ಬರೆಸಬೇಕಾಗುತ್ತಿತ್ತೋ ಏನೋ.

ಸರಿ, ಈಗ ಬದುಕಿನ ಕಥೆ. 1936ರ ಜೂನ್ 4ರಂದು ಮುಂಬೈಯಲ್ಲಿ, ಮರಾಠಿ ಮನೆಯಲ್ಲಿ ಹುಟ್ಟಿದರು. ತಂದೆ ಕುಮಾರಸೇನ್ ಸಮರ್ಥ್ ನಿರ್ದೇಶಕರು, ಕವಿ. ತಾಯಿ ಶೋಭನಾ ಸಮರ್ಥ್ ದೊಡ್ಡ ತಾರೆ. ವಿಜಯ್ ಭಟ್ ಅವರ 1943ರ 'ರಾಮ ರಾಜ್ಯ'ದಲ್ಲಿ ಅವರೇ ಸೀತೆ. ಗಾಂಧೀಜಿ ನೋಡಿದ ಸಿನಿಮಾ ಅಂತ ಹೇಳುತ್ತಾರಲ್ಲ, ಅದೇ. ಕ್ಯಾಲೆಂಡರಿನ ಸೀತೆಗೂ ಜನ ಶೋಭನಾ ಅವರ ಮುಖ ಹುಡುಕುತ್ತಿದ್ದ ಕಾಲ ಅದು. ಅಂಥ ಚೆಲುವೆ ತಾಯಿಯ ಮಗಳು ಸಣಕಲು. ಬಂಧುಬಳಗ ಆಡಿಕೊಳ್ಳುತ್ತಿತ್ತು. ತಾನು ಚೆನ್ನಾಗಿಲ್ಲ ಎಂಬ ಕೊರಗು ಚಿಕ್ಕಂದಿನಲ್ಲಿ ಇತ್ತು ಅಂತ ನೂತನ್ ಅವರೇ ಹೇಳಿಕೊಂಡಿದ್ದಾರೆ. ತಂದೆ ತಾಯಿ ಬೇರೆಯಾದರು. ನಾಲ್ಕು ಮಕ್ಕಳಲ್ಲಿ ಈಕೆ ದೊಡ್ಡವರು. ತನೂಜಾ, ಚತುರಾ ತಂಗಿಯರು, ಜಯದೀಪ್ ತಮ್ಮ.

ಮಗಳನ್ನು ಪರದೆಗೆ ತಂದಿದ್ದು ತಾಯಿಯೇ. 1950ರ 'ಹಮಾರಿ ಬೇಟಿ'ಯನ್ನು ಶೋಭನಾ ಅವರೇ ನಿರ್ದೇಶಿಸಿದರು. ಮರುವರ್ಷ 'ನಗೀನಾ', 'ಹಮ್ ಲೋಗ್' ಬಂದವು. 'ನಗೀನಾ'ದ್ದು ಒಂದು ತಮಾಷೆ ಕಥೆ. ಭಯ ಹುಟ್ಟಿಸುವ ದೃಶ್ಯಗಳಿವೆ ಅಂತ ಸೆನ್ಸಾರ್ ಮಂಡಳಿ ಅದಕ್ಕೆ 'ಎ' ಸರ್ಟಿಫಿಕೇಟ್ ಕೊಟ್ಟಿತ್ತು. ನಾಯಕಿಗೆ ಆಗ ಹದಿನೈದು ವರ್ಷ. ಥಿಯೇಟರಿಗೆ ಹೋದರೆ ಬಾಗಿಲಲ್ಲಿ ನಿಂತವನು "ನಿನಗೆ ವಯಸ್ಸಾಗಿಲ್ಲ" ಅಂತ ಒಳಗೇ ಬಿಡಲಿಲ್ಲವಂತೆ. ಒಳಗೆ ಪರದೆ ತುಂಬ ಅವಳೇ, ಹೊರಗೆ ಬಾಗಿಲಲ್ಲೂ ಅವಳೇ.

ಆಮೇಲೆ ತಾಯಿ ಆಕೆಯನ್ನು ಸ್ವಿಟ್ಜರ್ಲೆಂಡಿನ ಒಂದು ಶಾಲೆಗೆ ಕಳಿಸಿದರು. ಸುಮಾರು ಒಂದು ವರ್ಷ ಅಲ್ಲಿದ್ದು, ಸ್ವಲ್ಪ ಮೈ ಕೈ ತುಂಬಿಕೊಂಡು ವಾಪಸ್ ಬಂದರು. ಬಂದ ಮೇಲೆ ಸಿಕ್ಕಿದ ಪಾತ್ರವೇ 'ಸೀಮಾ'ದ ಗೌರಿ. ವರ್ಷ 1955, ವಯಸ್ಸು 19. ಕಳ್ಳತನದ ಸುಳ್ಳು ಆರೋಪ ಹೊತ್ತು ಸುಧಾರಣಾ ಆಶ್ರಮ ಸೇರಿದ ಅನಾಥ ಹುಡುಗಿ. ಒಳಗೆ ಕುದಿಯುವ ಸಿಟ್ಟು. ಆಶ್ರಮ ನೋಡಿಕೊಳ್ಳುವವರು ಬಲರಾಜ್ ಸಾಹ್ನಿ. ಆ ಹುಡುಗಿ ಕೂಗಾಡುತ್ತಾಳೆ, ಕೈಗೆ ಸಿಕ್ಕಿದ್ದನ್ನು ಒಡೆದು ಹಾಕುತ್ತಾಳೆ. ನೂತನ್ ಬರೀ ಸುಮ್ಮನಿರುವ ನಟಿ ಅಂದುಕೊಂಡವರು ಇದನ್ನು ನೋಡಬೇಕು. ಮೊದಲ ಫಿಲ್ಮ್‌ಫೇರ್ ಬಂದಿದ್ದು ಇದಕ್ಕೇ.

'ಸೀಮಾ'ದಲ್ಲಿ ಲತಾ ಮಂಗೇಶ್ಕರ್ ಹಾಡಿದ 'ಮನಮೋಹನಾ ಬಡೇ ಝೂಠೇ' ಇದೆ. ಜೈಜೈವಂತಿ ರಾಗ. ಇದರ ಜೊತೆ ನನ್ನದೊಂದು ನೆನಪು ಅಂಟಿಕೊಂಡಿದೆ. ಒಂದು ಊರಿನಲ್ಲಿ ಸಿನಿಮಾ ನೋಡುವ ಬಗ್ಗೆ ಹುಡುಗರಿಗೆ ಪಾಠ ಮಾಡುತ್ತಿದ್ದೆ. ಈ ಹಾಡು ಹಾಕುವ ಹೊತ್ತಿಗೆ ಸರಿಯಾಗಿ ಸ್ಪೀಕರ್ ಕೈಕೊಟ್ಟಿತು. ಚಿತ್ರ ಓಡುತ್ತಿದೆ, ಸದ್ದಿಲ್ಲ. ನಿಲ್ಲಿಸೋಣ ಅನ್ನುವಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ, ಸಂಗೀತ ಕಲಿಯುತ್ತಿದ್ದ ಹುಡುಗಿಯೊಬ್ಬಳು "ಸರ್, ಬಿಡಿ, ಹಾಗೇ ಇರಲಿ" ಅಂದಳು. ನೋಡಿದೆವು. ಉಸಿರು ಎಲ್ಲಿ ಎಳೆದುಕೊಳ್ಳುತ್ತಾರೆ, ಸ್ವರಗಳು ಸರಸರ ಓಡುವ ತಾನ್ ಬಂದಾಗ ಗಂಟಲು ಹೇಗೆ ಬಿಗಿಯುತ್ತದೆ, ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಹೇಗೆ ಹಗುರಾಗುತ್ತಾರೆ, ಎಲ್ಲ ಕಣ್ಣಿಗೇ ಕಾಣಿಸುತ್ತಿತ್ತು. ಆ ಹುಡುಗಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಕೇಳಿಸದ ಹಾಡಿಗೆ ತಾಳ! ತುಟಿ ಅಲ್ಲಾಡಿಸುವುದು ಬೇರೆ, ಹಾಡುವುದು ಬೇರೆ ಅಂತ ಆಮೇಲೆ ನಾನು ಬಾಯಿಬಿಟ್ಟು ಹೇಳುವ ಅಗತ್ಯವೇ ಬರಲಿಲ್ಲ.

ಅದಕ್ಕೆ ಕಾರಣವೂ ಇದೆ. ನೂತನ್ ಶಾಸ್ತ್ರೀಯ ಸಂಗೀತ ಕಲಿತಿದ್ದರು. ತಾಯಿಯೇ ನಿರ್ದೇಶಿಸಿದ 1960ರ 'ಛಬೀಲಿ'ಯಲ್ಲಿ ಸ್ವಂತ ದನಿಯಲ್ಲೇ ಹಾಡಿದರು. ಹುಡುಕಿ ಕೇಳಿ, ದನಿ ಚೆನ್ನಾಗಿದೆ. ತನ್ನ ಹಾಡಿಗೆ ತುಟಿ ಕೂಡಿಸಿದವರಲ್ಲಿ ನೂತನ್ ನಿಜಕ್ಕೂ ಹಾಡುತ್ತಿರುವಂತೆ ಕಾಣಿಸುತ್ತಿದ್ದರು ಅಂತ ಲತಾ ಅವರೇ ಮೆಚ್ಚಿಕೊಂಡಿದ್ದಾರೆ.

1958ರಲ್ಲಿ 'ಸೋನೆ ಕಿ ಚಿಡಿಯಾ' ಬಂತು. ಬರೆದವರು ಇಸ್ಮತ್ ಚುಗ್ತಾಯಿ, ನಿರ್ದೇಶಿಸಿದವರು ಅವರ ಪತಿ ಶಾಹಿದ್ ಲತೀಫ್. ಕಥೆ ಒಬ್ಬ ಸಿನಿಮಾ ನಟಿಯದು. ಅವಳು ದುಡಿಯುತ್ತಾಳೆ, ಮನೆಯವರು ಆ ದುಡ್ಡಿನಲ್ಲಿ ಮೆರೆಯುತ್ತಾರೆ. ಚಿನ್ನದ ಹಕ್ಕಿ ಅಂದರೆ ಅವಳೇ. ಈ ಸಿನಿಮಾ ನೆನಪಿಟ್ಟುಕೊಳ್ಳಿ, ಕೋರ್ಟಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಅದೇ ವರ್ಷ ಕಿಶೋರ್ ಕುಮಾರ್ ಜೊತೆ 'ದಿಲ್ಲಿ ಕಾ ಠಗ್'. ಅದರಲ್ಲಿ ಈಜುಡುಗೆ ಹಾಕಿಕೊಂಡು ಬಂದರು. 1958ರಲ್ಲಿ! ಗಲಾಟೆಯಾಯಿತು. ಬಿಳಿ ಸೀರೆಯ ಸಾಧ್ವಿ ಅಂತಲೇ ನಾವು ನೆನಪಿಟ್ಟುಕೊಂಡಿರುವ ನಟಿ, ಮುಂದಿನ ವರ್ಷವೇ 'ಸುಜಾತಾ' ಮಾಡುವವರು, ಹೀಗೂ ಇದ್ದರು. ಅದನ್ನು ಮುಚ್ಚಿಡಬೇಕಾಗಿಲ್ಲ, ದೊಡ್ಡದು ಮಾಡಬೇಕಾಗಿಯೂ ಇಲ್ಲ. ಈಜುವ ದೃಶ್ಯ, ಈಜುಡುಗೆ ಹಾಕಿದರು.

'ಸುಜಾತಾ' 1959ರದು. ನೀವು ಬೇರೇನೂ ನೋಡದಿದ್ದರೂ ಇದರ ಒಂದು ದೃಶ್ಯ ನೋಡಿ. ಅಸ್ಪೃಶ್ಯರ ಮನೆಯ ಅನಾಥ ಮಗುವನ್ನು ಬ್ರಾಹ್ಮಣ ದಂಪತಿ ಸಾಕುತ್ತಾರೆ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಊಟ ಬಟ್ಟೆಗೆ ಕೊರತೆ ಮಾಡುವುದಿಲ್ಲ. ಆದರೆ ಯಾರಾದರೂ ಮನೆಗೆ ಬಂದು "ಇವಳು ಯಾರು?" ಅಂದರೆ ಸಾಕುತಾಯಿ ಹೇಳುವುದು "ಮಗಳ ಹಾಗೆ" ಅಂತ. ಮಗಳು ಅನ್ನುವುದಿಲ್ಲ. ಆ 'ಹಾಗೆ' ಅನ್ನುವ ಒಂದೇ ಪದದ ಮೇಲೆ ಇಡೀ ಸಿನಿಮಾ ನಿಂತಿದೆ. ಪ್ರತಿ ಸಲ ಆ ಮಾತು ಬಿದ್ದಾಗ ಹಿನ್ನೆಲೆಯಲ್ಲಿ ನೂತನ್ ಏನು ಮಾಡುತ್ತಿದ್ದಾರೆ ನೋಡಿ. ಕೈಯಲ್ಲಿ ಯಾವುದೋ ಕೆಲಸ ಇರುತ್ತದೆ. ಕೆಲಸ ನಿಲ್ಲುವುದಿಲ್ಲ. ನೋವು ಅಂತ ತೋರಿಸಿಕೊಂಡರೆ ಉಂಡ ಮನೆಗೆ ಎರಡು ಬಗೆದ ಹಾಗೆ ಅಲ್ವಾ? ಅದು ಆ ಹುಡುಗಿಗೆ ಗೊತ್ತು. ಅದು ಅವಳಿಗೆ ಗೊತ್ತು ಅನ್ನುವುದು ನಮಗೆ ಗೊತ್ತಾಗುತ್ತದೆ.

ನಾನು ಹೇಳಿದ ದೃಶ್ಯ ಟೆಲಿಫೋನ್ ಹಾಡಿನದು. ಸುನೀಲ್ ದತ್ ಆ ಕಡೆಯಿಂದ ಹಾಡುತ್ತಾರೆ, ದನಿ ತಲತ್ ಮಹಮೂದ್. ಸುಜಾತಾ ಈ ಕಡೆ ರಿಸೀವರ್ ಹಿಡಿದು ಕೇಳುತ್ತಾಳೆ. ಹಾಡು ಮುಗಿಯುವವರೆಗೂ ಅವಳಿಗೆ ಒಂದು ಮಾತೂ ಇಲ್ಲ. ನಿರ್ದೇಶಕರ ಕಷ್ಟ ಯೋಚನೆ ಮಾಡಿ. ನಾಯಕ ನಾಯಕಿ ಒಂದೇ ಚೌಕಟ್ಟಿನಲ್ಲಿಲ್ಲ, ತೋಟ ಇಲ್ಲ, ಮಳೆ ಇಲ್ಲ, ಕುಣಿತ ಇಲ್ಲ. ಇರುವುದು ಒಂದು ಕಪ್ಪು ರಿಸೀವರ್, ಒಂದು ಮುಖ. ಮೊದಲು ಯಾರಾದರೂ ನೋಡಿಬಿಟ್ಟಾರು ಎಂಬ ಅಂಜಿಕೆ. ಆಮೇಲೆ ಸಂತೋಷ. ಸಂತೋಷದ ಬೆನ್ನಿಗೇ ಇದು ನನಗೆ ದಕ್ಕುವುದಿಲ್ಲ ಎಂಬ ತಿಳಿವಳಿಕೆ. ಆಮೇಲೆ ಕಣ್ಣೀರು. ಗ್ಲಿಸರಿನ್ ಕಣ್ಣೀರು ಎಲ್ಲರಿಗೂ ಬರುತ್ತದೆ. ಇಲ್ಲಿ ಅದಕ್ಕಿಂತ ಮೊದಲು ಬರುವ ಆ ಮೂರು ಭಾವ ನೋಡಿ, ಒಂದರಿಂದ ಒಂದಕ್ಕೆ ಜಾರುವುದು ನೋಡಿ. 'ಸುಜಾತಾ' 1960ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಗೂ ಹೋಗಿತ್ತು. ನೂತನ್ ಅವರಿಗೆ ಎರಡನೇ ಫಿಲ್ಮ್‌ಫೇರ್ ಬಂತು.

ಇಷ್ಟೆಲ್ಲ ಅಳುವಿನ ಮಧ್ಯೆ ಆಕೆಯ ನಗು ಮರೆತುಹೋಗುತ್ತದೆ. ದೇವಾನಂದ್ ಜೊತೆ 'ಪೇಯಿಂಗ್ ಗೆಸ್ಟ್', ರಾಜ್ ಕಪೂರ್ ಜೊತೆ 'ಅನಾಡಿ', ಇವೆಲ್ಲ ಹಗುರ ಸಿನಿಮಾಗಳು. ನನಗೆ ಇಷ್ಟವಾದದ್ದು 1963ರ 'ತೇರೆ ಘರ್ ಕೆ ಸಾಮ್ನೆ'. ಕುತುಬ್ ಮಿನಾರಿನ ಮೆಟ್ಟಿಲು ಇಳಿಯುತ್ತಾ ದೇವಾನಂದ್ ಹಾಡುವ ಹಾಡು ಇದೆಯಲ್ಲ, ಅದರಲ್ಲಿ ಒಳಗಿನದು ಸೆಟ್. ನಿಜವಾದ ಮಿನಾರಿನ ಮೆಟ್ಟಿಲಲ್ಲಿ ಆಗಿನ ಕ್ಯಾಮೆರಾ ಹಿಡಿಸುತ್ತಿರಲಿಲ್ಲ. ದೇವಾನಂದ್ ಎಂದಿನಂತೆ ಒಂದು ಕಡೆ ನಿಲ್ಲುವುದಿಲ್ಲ, ಕೈಕಾಲು ಆಡುತ್ತಲೇ ಇರುತ್ತದೆ. ನೂತನ್ ನಗುತ್ತಾ, ಕೇಳುತ್ತಾ ಇಳಿಯುತ್ತಾರೆ. ನನ್ನ ಕಣ್ಣು ಯಾವಾಗಲೂ ಅವರ ಮೇಲೇ ಹೋಗುತ್ತದೆ.

1959ರ ಅಕ್ಟೋಬರಿನಲ್ಲಿ ನೌಕಾಪಡೆಯ ಅಧಿಕಾರಿ ರಜನೀಶ್ ಬಹಲ್ ಅವರ ಜೊತೆ ಮದುವೆಯಾಯಿತು. 1961ರಲ್ಲಿ ಮಗ ಮೋಹ್ನೀಶ್ ಹುಟ್ಟಿದ. ಆ ಕಾಲದ ಲೆಕ್ಕದಲ್ಲಿ ಅಲ್ಲಿಗೆ ನಾಯಕಿಯ ಕಥೆ ಮುಗಿಯಬೇಕು. ಮದುವೆಯಾದವಳನ್ನು ಜನ ನಾಯಕಿಯಾಗಿ ನೋಡುವುದಿಲ್ಲ ಅಂತ ನಿರ್ಮಾಪಕರೇ ತೀರ್ಮಾನ ಮಾಡಿಬಿಡುತ್ತಿದ್ದರು. ನೂತನ್ ಕೂಡ ಸಾಕು ಅಂದುಕೊಂಡಿದ್ದರು. ಬಿಮಲ್ ರಾಯ್ ಬಿಡಲಿಲ್ಲ. ಕಲ್ಯಾಣಿಯ ಪಾತ್ರ ನೀನೇ ಮಾಡಬೇಕು ಅಂತ ಪಟ್ಟು ಹಿಡಿದರು. ಹಾಗೆ ಬಂದಿದ್ದು 1963ರ 'ಬಂದಿನಿ'. ಜರಾಸಂಧ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಬಂಗಾಳಿ ಲೇಖಕರ ಕಥೆ. ಆರು ಫಿಲ್ಮ್‌ಫೇರ್ ಬಂದವು, ಅದರಲ್ಲಿ ಒಂದು ನೂತನ್ ಅವರದು.

ಅದರ ಹಾಡುಗಳ ಬಗ್ಗೆ ಒಂದು ಮಾತು. ಗುಲ್ಜಾರ್ ಸಿನಿಮಾಕ್ಕೆ ಬರೆದ ಮೊದಲ ಹಾಡು ಇದರಲ್ಲೇ ಇದೆ, 'ಮೋರಾ ಗೋರಾ ಅಂಗ್ ಲೈ ಲೇ'. ಬೆಳದಿಂಗಳಲ್ಲಿ ಹುಡುಗಿ ಹಾಡುವ ಹಾಡು. ಕಲ್ಯಾಣಿಯಂಥ ಹುಡುಗಿ ರಾತ್ರಿ ಹೊತ್ತು ಮನೆಯಿಂದ ಹೊರಗೆ ಬಂದು ಹಾಡುವುದಿಲ್ಲ ಅಂತ ಬಿಮಲ್ ರಾಯ್. ಒಳಗೇ ಹಾಡಿದರೆ ನನ್ನ ಹಾಡಿಗೆ ಉಸಿರು ಕಟ್ಟುತ್ತದೆ ಅಂತ ಸಚಿನ್ ದೇವ್ ಬರ್ಮನ್. ಇಬ್ಬರಿಗೂ ಜಗಳ. ಒಂದು ಪಾತ್ರ ಹೊಸಿಲು ದಾಟಬೇಕೋ ಬೇಡವೋ ಅಂತ ಇಷ್ಟು ತಲೆ ಕೆಡಿಸಿಕೊಳ್ಳುವವರ ಕೈಯಲ್ಲಿ ನೂತನ್ ಬೆಳೆದರು. ಅವರ ಅಭಿನಯದ ಅರ್ಧ ಪಾಲು ಇಂಥವರಿಗೂ ಸೇರಬೇಕು. ಕೆಟ್ಟ ನಿರ್ದೇಶಕರ ಕೈಗೆ ಸಿಕ್ಕಾಗ ಆಕೆಯೂ ಸಪ್ಪೆಯಾಗುತ್ತಿದ್ದರು. ಉದಾಹರಣೆ ಮುಂದೆ ಕೊಡುತ್ತೇನೆ.

ಈಗ ಕೋರ್ಟಿನ ವಿಷಯ. ಹೌದು, ನಿಜ. ಮಗಳ ದುಡಿಮೆಯ ಹಣದ ವ್ಯವಹಾರವನ್ನು ತಾಯಿಯೇ ನೋಡಿಕೊಳ್ಳುತ್ತಿದ್ದರು. ಮದುವೆಯಾದ ಮೇಲೆ ಅದರ ಬಗ್ಗೆ ತಕರಾರು ಎದ್ದು ಕೋರ್ಟಿನವರೆಗೂ ಹೋಯಿತು. ತಾಯಿ ಮಗಳ ನಡುವೆ ವರ್ಷಗಟ್ಟಲೆ ಮಾತಿರಲಿಲ್ಲ. 1980ರ ದಶಕದಲ್ಲಿ ರಾಜಿಯಾದರು. ಯಾರದು ಸರಿ, ಯಾರದು ತಪ್ಪು ಅಂತ ನಾನು ತೀರ್ಪು ಕೊಡುವುದಿಲ್ಲ. ಮನೆಯೊಳಗಿನ ದುಡ್ಡಿನ ಜಗಳಕ್ಕೆ ಹೊರಗಿನವರ ಪಂಚಾಯಿತಿ ಯಾಕೆ? ನನ್ನನ್ನು ಕಾಡುವುದು ಬೇರೆ. ಚಿನ್ನದ ಹಕ್ಕಿಯ ಪಾತ್ರವನ್ನು ಆಕೆ ಮಾಡಿದ್ದು 22ನೇ ವಯಸ್ಸಿನಲ್ಲಿ, ಈ ಜಗಳಕ್ಕಿಂತ ಮುಂಚೆ. ಈಗ ಆ ಸಿನಿಮಾ ಹಾಕಿಕೊಂಡು ಕೂತರೆ ಮೈ ಜುಂ ಅನ್ನುತ್ತದೆ. ಇಷ್ಟಾಗಿಯೂ ಮಗಳಿಗೆ ಓದು, ಸಂಗೀತ, ಮೊದಲ ಪಾತ್ರ ಎಲ್ಲ ಕೊಡಿಸಿದವರು ಶೋಭನಾ ಅನ್ನುವುದನ್ನು ಮರೆಯಬಾರದು.

1967ರಲ್ಲಿ 'ಮಿಲನ್'. ತೆಲುಗಿನ 'ಮೂಗ ಮನಸುಲು' ಹಿಂದಿಗೆ ಬಂದಿದ್ದು, ಎರಡಕ್ಕೂ ನಿರ್ದೇಶಕರು ಆದುರ್ತಿ ಸುಬ್ಬರಾವ್. ಅಂಬಿಗ ಸುನೀಲ್ ದತ್ ಜಮೀನ್ದಾರರ ಮನೆ ಹುಡುಗಿಗೆ ಹಾಡು ಹೇಳಿಕೊಡುವ ದೃಶ್ಯ ನಿಮ್ಮ ಅಮ್ಮನಿಗೆ ಬಾಯಿಪಾಠ ಇದ್ದೇ ಇರುತ್ತದೆ. ಆಕೆ ಓದಿದವಳು, 'ಶೋರ್' ಅನ್ನುತ್ತಾಳೆ. ಅವನು ಹಳ್ಳಿಯವನು, 'ಸೋರ್' ಅನ್ನಬೇಕು ಅಂತ ತಿದ್ದುತ್ತಾನೆ. ಆಕೆ ತಪ್ಪನ್ನು ಕಲಿಯುತ್ತಾಳೆ. ಪ್ರೀತಿ ಎಲ್ಲಿ ಶುರುವಾಯಿತು ಅಂದರೆ ಅಲ್ಲೇ. ನಾಲ್ಕನೇ ಫಿಲ್ಮ್‌ಫೇರ್.

ಮರುವರ್ಷ 'ಸರಸ್ವತಿಚಂದ್ರ'. ಗೋವರ್ಧನರಾಮ ತ್ರಿಪಾಠಿ ಅವರ ಗುಜರಾತಿ ಕಾದಂಬರಿ ಆಧರಿಸಿದ್ದು. ಎಲ್ಲರೂ ಬಣ್ಣಕ್ಕೆ ಹೋಗಿದ್ದಾಗ ಕಪ್ಪು ಬಿಳುಪಿನಲ್ಲಿ ಬಂತು. ಹಾಡುಗಳಿಗಾಗಿ ನೋಡಬಹುದು.

ಅದರ ಆಸುಪಾಸಿನಲ್ಲಿ ಬಂದ ಸಾಂಸಾರಿಕ ಸಿನಿಮಾಗಳಿಗೆ ನಿಮ್ಮನ್ನು ಕಳಿಸಲು ನನಗೆ ಮನಸ್ಸಿಲ್ಲ. 1965ರ 'ಖಾನ್‌ದಾನ್' ನೋಡಿ ಅಂತ ಯಾರಾದರೂ ಹೇಳಬಹುದು. ದೊಡ್ಡ ಹಿಟ್. ನನಗೆ ಮಾತ್ರ ಅದರಲ್ಲಿ ತ್ಯಾಗ ಜಾಸ್ತಿ, ನೂತನ್ ಕಡಿಮೆ ಅನ್ನಿಸಿತು. ಸಹಿಸಿಕೊಳ್ಳುವ ಸೊಸೆ, ಕಣ್ಣೊರೆಸಿಕೊಳ್ಳುವ ಸೆರಗು. ಆಕೆಗೆ ಅದು ಎಡಗೈ ಆಟ, ಅದಕ್ಕೇ ಹಿಡಿಸುವುದಿಲ್ಲ.

1973ರ 'ಸೌದಾಗರ್' ಬಗ್ಗೆ ಮಾತ್ರ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ನನ್ನ ಪ್ರಕಾರ 'ಬಂದಿನಿ'ಯ ಪಕ್ಕದಲ್ಲಿ ಇಡಬಹುದಾದ ಕೆಲಸ ಅದೊಂದೇ. ನಿರ್ದೇಶಕ ಸುಧೇಂದು ರಾಯ್, ಬಿಮಲ್ ರಾಯ್ ಅವರ ಸಿನಿಮಾಗಳಿಗೆ ಕಲಾ ನಿರ್ದೇಶನ ಮಾಡುತ್ತಿದ್ದವರು. ಕಥೆ ಬಂಗಾಳದ ನರೇಂದ್ರನಾಥ ಮಿತ್ರ ಅವರದು. ಅಮಿತಾಭ್ ಬಚ್ಚನ್ ಈಚಲು ಮರ ಹತ್ತಿ ರಸ ಇಳಿಸುವ ಮೋತಿ. ನೂತನ್ ಆ ರಸ ಕಾಯಿಸಿ ಬೆಲ್ಲ ಮಾಡುವ ವಿಧವೆ ಮಾಜೂಬಿ. ಅವಳ ಬೆಲ್ಲ ಅಂದರೆ ಸಂತೆಯಲ್ಲಿ ಜನ ಮುಗಿಬೀಳುತ್ತಾರೆ. ಮೋತಿಗೆ ಬೇರೊಬ್ಬ ಚೆಂದದ ಹುಡುಗಿಯ ಮೇಲೆ ಕಣ್ಣು, ಅವಳನ್ನು ಮದುವೆಯಾಗಲು ಮೆಹರ್, ಅಂದರೆ ವಧುವಿಗೆ ಕೊಡಬೇಕಾದ ಹಣ ಬೇಕು. ಲೆಕ್ಕ ಹಾಕುತ್ತಾನೆ. ಮಾಜೂಬಿಗೆ ಕೂಲಿ ಕೊಡುವ ಬದಲು ಅವಳನ್ನೇ ಮದುವೆಯಾದರೆ? ಆಗುತ್ತಾನೆ. ಹಂಗಾಮು ಮುಗಿದು ಹಣ ಕೂಡಿದ ಮೇಲೆ ತಲಾಖ್ ಕೊಡುತ್ತಾನೆ.

ಹೊಸ ಹೆಂಡತಿಗೆ ಬೆಲ್ಲ ಮಾಡಲು ಬರುವುದಿಲ್ಲ. ಪಾಕ ಹತ್ತುತ್ತದೆ, ಬೆಲ್ಲ ಸೀದುಹೋಗುತ್ತದೆ, ಗಿರಾಕಿಗಳು ಬಾಯಿಗಿಟ್ಟು ಉಗಿಯುತ್ತಾರೆ. ಪಾಕ ಹಿಡಿಯುವುದು ಎಂಥ ಕೆಲಸ ಅಂತ ಬೆಲ್ಲ ಕಾಯಿಸುವುದನ್ನು ನೋಡಿದವರಿಗೆ ಗೊತ್ತು. ಒಂದು ಕ್ಷಣ ಹೆಚ್ಚಾದರೆ ಕಹಿ, ಕಡಿಮೆಯಾದರೆ ಗಟ್ಟಿಯಾಗುವುದಿಲ್ಲ. ಅದಕ್ಕೆ ಗಡಿಯಾರ ಇಲ್ಲ, ಕಣ್ಣಿದೆ. ನೂತನ್ ಒಲೆಯ ಮುಂದೆ ಕೂತಾಗ ಆ ಕಣ್ಣು ಆಕೆಗಿದೆ ಅನ್ನಿಸುತ್ತದೆ. ಕೂರುವ ಭಂಗಿ, ಹೊಗೆಗೆ ಮುಖ ತಿರುಗಿಸುವ ರೀತಿ, ರಸ ಕದಡುವ ಕೈ, ಎಲ್ಲ ವರ್ಷಗಟ್ಟಲೆ ಅದೇ ಕೆಲಸ ಮಾಡಿದವಳದು. ಅಷ್ಟು ಹೊತ್ತಿಗೆ ಆಕೆಗೆ 37 ವರ್ಷ, ಎದುರಿಗಿರುವ ಹುಡುಗ 'ಜಂಜೀರ್' ಸಿನಿಮಾದಿಂದ ಹೆಸರಾದ ವರ್ಷದ ಅಮಿತಾಭ್. ಆದರೂ ಇದು ಮಾಜೂಬಿಯ ಸಿನಿಮಾ. ಭಾರತದಿಂದ ಆ ಸಲ ಆಸ್ಕರಿಗೆ ಕಳಿಸಿದ್ದು ಇದನ್ನೇ.

ಕೊನೆಯಲ್ಲಿ ಮೋತಿ ಎರಡು ಮಡಕೆ ರಸ ಹಿಡಿದು, ಈಗ ಬೇರೆಯವನ ಹೆಂಡತಿಯಾಗಿರುವ ಮಾಜೂಬಿಯ ಬಾಗಿಲಿಗೆ ಬರುತ್ತಾನೆ. ಬೆಲ್ಲ ಮಾಡಿಕೊಡು ಅಂತ. ಅವಳು ಮೊದಲು ಸಿಡಿಯುತ್ತಾಳೆ. ಆಮೇಲೆ ದೂರದಲ್ಲಿ ನಿಂತ ಆ ಇನ್ನೊಬ್ಬ ಹೆಂಡತಿ ಕಾಣಿಸುತ್ತಾಳೆ. ಮುಂದಿನದು ನಾನು ಹೇಳುವುದಿಲ್ಲ.

1974ರಲ್ಲಿ ಪದ್ಮಶ್ರೀ ಬಂತು. 1978ರಲ್ಲಿ ರಾಜ್ ಖೋಸ್ಲಾ ಅವರ 'ಮೈ ತುಲಸಿ ತೇರೆ ಆಂಗನ್ ಕಿ'. ಗಂಡನ ಪ್ರೇಯಸಿಯ ಮಗನನ್ನು ಸಾಕುವ ಹೆಂಡತಿಯ ಪಾತ್ರ. 42ರ ವಯಸ್ಸಿನಲ್ಲಿ ಮಾಡಿದ ಆ ಪಾತ್ರಕ್ಕೆ ನಾಯಕಿಯ ಫಿಲ್ಮ್‌ಫೇರ್! ಐದನೆಯದು. ಆ ದಾಖಲೆ ಮೂವತ್ತು ವರ್ಷಕ್ಕೂ ಹೆಚ್ಚು ಹಾಗೇ ಉಳಿಯಿತು. ಕೊನೆಗೆ ಐದು ತಲುಪಿದ್ದು ಯಾರು ಗೊತ್ತಾ? ತಂಗಿ ತನೂಜಾ ಅವರ ಮಗಳು ಕಾಜೋಲ್. ಪ್ರಶಸ್ತಿಯಿಂದ ನಟನೆ ಅಳೆಯುವುದರಲ್ಲಿ ನನಗೆ ನಂಬಿಕೆ ಇಲ್ಲ. 'ಸೌದಾಗರ್'ಗೆ ಫಿಲ್ಮ್‌ಫೇರ್ ಬರಲಿಲ್ಲವಲ್ಲ, ಅಷ್ಟು ಸಾಕು. ನೀವು ಕೇಳಿದಿರಿ ಅಂತ ಲೆಕ್ಕ ಕೊಟ್ಟೆ.

ಎಂಬತ್ತರ ದಶಕದಲ್ಲಿ ತಾಯಿಯ ಪಾತ್ರಗಳು. ಸುಭಾಷ್ ಘಾಯ್ ಅವರ 'ಮೇರಿ ಜಂಗ್'ನಲ್ಲಿ ಗಂಡನನ್ನು ಗಲ್ಲಿಗೇರಿಸಿದ ಆಘಾತಕ್ಕೆ ಬುದ್ಧಿ ಸ್ಥಿಮಿತ ಕಳೆದುಕೊಂಡ ತಾಯಿ. ಪೋಷಕ ನಟಿಯ ಫಿಲ್ಮ್‌ಫೇರ್ ಬಂತು. 1986ರ 'ಕರ್ಮಾ'ದಲ್ಲಿ ಕೊನೆಗೂ ದಿಲೀಪ್ ಕುಮಾರ್ ಜೊತೆ. ಹಿಂದೆ 'ಶಿಕ್ವಾ' ಅಂತ ಒಂದು ಶುರುವಾಗಿ ಅರ್ಧಕ್ಕೇ ನಿಂತುಹೋಗಿತ್ತು. ಇಬ್ಬರೂ ಕಡಿಮೆ ಮಾಡಿ ಜಾಸ್ತಿ ಹೇಳುವವರು. ಯೌವನದಲ್ಲಿ ಒಂದೇ ಒಂದು ಸಿನಿಮಾ ಕೂಡ ಸಿಗಲಿಲ್ಲವಲ್ಲ ಅಂತ ಹೊಟ್ಟೆ ಉರಿಯುತ್ತದೆ. 'ಕರ್ಮಾ'ದಲ್ಲಿ ಆಕೆಯ ಪಾತ್ರಕ್ಕೆ ಆಘಾತದಿಂದ ಮಾತೇ ನಿಂತುಹೋಗುತ್ತದೆ. ಗುಂಡು, ಬಾಂಬು, ಡೈಲಾಗುಗಳ ಆ ಸಂತೆಯಲ್ಲಿ ಮೂಕಿಯಾಗಿ ನೂತನ್! ಯಾರು ಬೇಕೆಂದು ಮಾಡಿದರೋ, ತಾನಾಗೇ ಆಯಿತೋ.

1990ರಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. 1991ರ ಫೆಬ್ರವರಿ 21ರಂದು ಮುಂಬೈಯಲ್ಲಿ ತೀರಿಕೊಂಡರು. ವಯಸ್ಸು 54. ಎಪ್ಪತ್ತಕ್ಕೂ ಹೆಚ್ಚು ಸಿನಿಮಾ ಮಾಡಿದ್ದರು. ಒಂದೆರಡು ಆಕೆ ಹೋದ ಮೇಲೆ ಬಂದವು. ಮಗ ಮೋಹ್ನೀಶ್ ಬಹಲ್ ಅವರನ್ನು 'ಮೈನೆ ಪ್ಯಾರ್ ಕಿಯಾ', 'ಹಮ್ ಆಪ್ಕೆ ಹೈ ಕೌನ್'ನಲ್ಲಿ ನೀವು ನೋಡಿಯೇ ಇರುತ್ತೀರಿ.

ಇನ್ನು ಯಾವುದರಿಂದ ಶುರು ಮಾಡಲಿ ಅಂದಿರಿ. 'ಬಂದಿನಿ'ಗೆ ಈಗಲೇ ವಾಪಸ್ ಹೋಗಬೇಡಿ. ಮೊದಲು 'ತೇರೆ ಘರ್ ಕೆ ಸಾಮ್ನೆ', ಸುಮ್ನೆ ಖುಷಿಗೆ. ಆಕೆ ನಕ್ಕಿದ್ದು ನೋಡಿದ್ದರೆ ಅತ್ತಾಗ ನಿಮಗೆ ಪರಿಚಯದವರು ಅಳುತ್ತಿದ್ದಾರೆ ಅನ್ನಿಸುತ್ತದೆ. ಆಮೇಲೆ 'ಸುಜಾತಾ', ಅಮ್ಮನ ಜೊತೆ ಕೂತು. ಟೆಲಿಫೋನ್ ಹಾಡು ಬಂದಾಗ ಅಮ್ಮನನ್ನು ಮಾತಾಡಿಸಬೇಡಿ. ಆಮೇಲೆ 'ಸೀಮಾ', ಆಮೇಲೆ 'ಸೌದಾಗರ್'. 'ಬಂದಿನಿ' ಕೊನೆಗೆ.

ಈ ಸಲ ಮನೆಯ ಟಿವಿಯಲ್ಲಿ, ರಾತ್ರಿ, ಒಂದೇ ಸಲಕ್ಕೆ. ಜೈಲಿನಲ್ಲಿ ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತಿರುವಾಗ ಒಬ್ಬಳು ತವರಿನ ಹಾಡು ಹೇಳುತ್ತಾಳೆ, ಆಶಾ ಭೋಂಸ್ಲೆ ದನಿಯಲ್ಲಿ. ಅಲ್ಲಿ ಹಾಡುವವಳ ಕಡೆ ನೋಡಬೇಡಿ, ಕೇಳುತ್ತಿರುವ ಕಲ್ಯಾಣಿಯ ಕಡೆ ನೋಡಿ. ಕೊನೆಯಲ್ಲಿ ಹೊಳೆ ದಂಡೆಗೆ ಬರುತ್ತೀರಿ. ಒಂದು ಕಡೆ ರೈಲು, ಅಲ್ಲಿ ಮದುವೆಯಾಗಲು ಕಾಯುತ್ತಿರುವ ಡಾಕ್ಟರ್ ಧರ್ಮೇಂದ್ರ ಅವರ ಜೊತೆಗಿನ ಬದುಕು. ಇನ್ನೊಂದು ಕಡೆ ಹಡಗು, ಅದರಲ್ಲಿ ಕಾಯಿಲೆ ಬಿದ್ದ ಬಿಕಾಶ್, ಅಂದರೆ ಅಶೋಕ್ ಕುಮಾರ್. ಹಿನ್ನೆಲೆಯಲ್ಲಿ ಬರ್ಮನ್ ದಾದಾ ತಾವೇ ಹಾಡುತ್ತಿರುತ್ತಾರೆ. ಹಡಗಿನ ಸೀಟಿ ಕೂಗುತ್ತದೆ. ಆ ಹತ್ತು ನಿಮಿಷ ನಿಮ್ಮ ಫೋನ್ ಬೇರೆ ಕೋಣೆಯಲ್ಲಿರಲಿ.